ಅಮ್ಮನ ನಾಲಿಗೆ ಜೋಮು ಹಿಡಿದದ್ದೇಕೆ? ಅಮಿಟ್ರಿಪ್ಟಿಲಿನ್ ಮಾತ್ರೆಯೊಳಗಿನ ರಸಾಯನ

ತುಂಗಾತೀರ · ಶನಿವಾರ, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ ಓದಿ 20 ವರ್ಷವಾಯಿತು, ಅರ್ಧ ಮರೆತಿದೆ.

ಅಮ್ಮನಿಗೆ 68. ಸಕ್ಕರೆ ಕಾಯಿಲೆ ಹಳೆಯದು. ರಾತ್ರಿಯಾಯಿತೆಂದರೆ ಪಾದ ಉರಿ, ಸೂಜಿ ಚುಚ್ಚಿದ ಹಾಗೆ ನೋವು, ಹೊದಿಕೆ ತಾಗಿದರೂ ಸಹಿಸುವುದಿಲ್ಲ. ಡಾಕ್ಟರು ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ, ಮಲಗುವ ಮುಂಚೆ ಒಂದು ಅಂತ ಬರೆದುಕೊಟ್ಟರು. ಅಮ್ಮನಿಗೆ ಮಾತ್ರೆ ನುಂಗುವುದೆಂದರೆ ಆಗದು. ಮೊನ್ನೆ ನನಗೆ ಹೇಳದೆ ಜಗಿದುಬಿಟ್ಟಿದ್ದಾರೆ. "ಬೇವಿಗಿಂತ ಕಹಿ ಕಣೇ, ಉರಿಯಿತು, ಆಮೇಲೆ ನಾಲಿಗೆ ನನ್ನದೇ ಅಲ್ಲ ಅನ್ನೋ ಹಾಗಾಯ್ತು" ಅಂದರು. ಹಲ್ಲಿನ ಡಾಕ್ಟರು ಸೂಜಿ ಹಾಕಿದಾಗ ಆಗುತ್ತದಲ್ಲ, ಹಾಗೇ. ಸ್ವಲ್ಪ ಹೊತ್ತಿಗೆ ಸರಿಹೋಯಿತು.

ನಾನು ಗಾಬರಿಯಾಗಿ ಡಬ್ಬಿಯ ಚೀಟಿ ಬಿಡಿಸಿ ಓದಿದೆ. "ಟ್ರೈಸೈಕ್ಲಿಕ್ ವರ್ಗದ ಖಿನ್ನತೆಯ ಔಷಧ" ಅಂತಿದೆ. ಟ್ರೈಸೈಕ್ಲಿಕ್ ಅಂದರೆ ಮೂರು ಉಂಗುರದ್ದು. ಕಾಲುನೋವಿಗೆ ಹೋದವರಿಗೆ ಖಿನ್ನತೆಯ ಮಾತ್ರೆ ಯಾಕೆ? ಅದು ನಾಲಿಗೆಯನ್ನು ಯಾಕೆ ಮರಗಟ್ಟಿಸಬೇಕು? ಎಷ್ಟು ಕೊಡಬೇಕು, ಬಿಡಬೇಕು ಅನ್ನುವುದನ್ನು ಡಾಕ್ಟರನ್ನೇ ಕೇಳುತ್ತೇನೆ. ಇಲ್ಲಿ ನನಗೆ ಬೇಕಿರುವುದು ಅಣುವಿನ ವಿಷಯ. ಮೂರು ಉಂಗುರ ಅಂದರೆ ಮೂರೂ ಬೆಂಜೀನೇ?

ಹುಬ್ಬಳ್ಳಿ_ಮೆಡಿಕಲ್ · ಶನಿವಾರ, ರಾತ್ರಿ 9:05

ಮೇಡಂ, ರಸಾಯನ ಆಮ್ಯಾಲೆ ಬರ್ತದ, ಮೊದಲ ಒಂದ ಮಾತ ಹೇಳ್ತೀನ್ರಿ. ಅಮ್ಮಾರಿಗೆ ಜಗೀಬ್ಯಾಡ್ರಿ ಅಂತ ಹೇಳ್ರಿ. ಆ ಮಾತ್ರಿ ಮ್ಯಾಲೆ ತೆಳ್ಳಗ ಒಂದು ಲೇಪನ ಇರ್ತದ, ಅದು ಇರೋದ ಈ ಕಹಿ ನಾಲಿಗಿಗೆ ತಾಗಬಾರದು ಅಂತ. ಬಾಳೆಹಣ್ಣಿನ ತುಂಡಿನಾಗ ಇಡೀ ಮಾತ್ರಿ ಇಟ್ಟು ಕೊಟ್ಟ ನೋಡ್ರಿ, ಭಾಳ ಮಂದಿಗೆ ಹಂಗ ಇಳೀತದ. ಅದೂ ಆಗಲಿಲ್ಲಂದ್ರ ಡಾಕ್ಟರಿಗೆ ಹೇಳ್ರಿ, ಬ್ಯಾರೆ ದಾರಿ ಅವರು ನೋಡ್ತಾರ.

ಇನ್ನೊಂದು, ಅಮ್ಮಾರು ಬ್ಯಾರೆ ಏನೇನ ಗುಳಿಗಿ ತಗೋತಾರ, ಎಲ್ಲಾ ಪಟ್ಟಿ ಮಾಡಿ ಡಾಕ್ಟರಿಗೆ ತೋರಿಸ್ರಿ. ಟ್ರಮಡಾಲ್ ಅಂತ ನೋವಿನ ಗುಳಿಗಿ ಯಾರರ ಕೊಟ್ಟಿದ್ರ ಅದನ್ನ ಮುದ್ದಾಂ ಹೇಳ್ರಿ, ಇವೆರಡೂ ಕೂಡಿದ್ರ ಫಿಟ್ಸ್ ಬರೋ ಸಂಭವ ಹೆಚ್ಚು. ಕಣ್ಣಿನಾಗ ಗ್ಲೌಕೋಮಾ, ಅಂದ್ರ ಕಣ್ಣಿನ ಒಳಗಿನ ಒತ್ತಡ ಏರೋ ರೋಗ, ಇದ್ರ ಅದನ್ನೂ ಹೇಳಬೇಕು.

ಜಿಗಣಿ_ರಿಯಾಕ್ಟರ್ · ಶನಿವಾರ, ರಾತ್ರಿ 10:20

ನಾನು 11 ವರ್ಷದಿಂದ ಬಲ್ಕ್ ಡ್ರಗ್, ಅಂದರೆ ಮಾತ್ರೆಗೆ ಬೇಕಾದ ಮೂಲ ಔಷಧ ತಯಾರಿಸುವ, ಕೆಲಸದಲ್ಲಿದ್ದೇನೆ. ಈ ಅಣುವನ್ನು ಕೆಲವು ವರ್ಷ ಕೈಯಾರೆ ಮಾಡಿದ್ದೇನೆ, ಹಾಗಾಗಿ ಇದರ ಮೇಲೆ ಸ್ವಲ್ಪ ಮಮತೆ. ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ ಮೇಡಂ.

ಎಡಗಡೆ ಒಂದು ಬೆಂಜೀನ್ ಉಂಗುರ, ಬಲಗಡೆ ಒಂದು. ಬೆಂಜೀನ್ ಇವೆರಡೇ. ಇವುಗಳ ನಡುವಿನ ಮೂರನೆಯದು ಏಳು ಕಾರ್ಬನ್‌ಗಳ ಉಂಗುರ. ಆ ಏಳರಲ್ಲಿ ನಾಲ್ಕು ಅಕ್ಕಪಕ್ಕದ ಬೆಂಜೀನ್‌ಗಳದ್ದೇ, ವಠಾರದ ಮನೆಗಳು ಗೋಡೆ ಹಂಚಿಕೊಂಡ ಹಾಗೆ. ಉಳಿದ ಮೂರರಲ್ಲಿ ಎರಡು ಸೇರಿ ಒಂದು ಕಡೆ ಸೇತುವೆ ಕಟ್ಟುತ್ತವೆ. ಪ್ರತಿಯೊಂದರ ಮೇಲೂ ಎರಡು ಹೈಡ್ರೋಜನ್. ಎದುರು ಬದಿಯಲ್ಲಿ ಒಂದೇ ಕಾರ್ಬನ್. ಅದರಿಂದ ಜೋಡಿಬಂಧದ ಮೂಲಕ ಒಂದು ಬಾಲ ಹೊರಡುತ್ತದೆ: ಮೂರು ಕಾರ್ಬನ್, ತುದಿಗೆ ಒಂದು ನೈಟ್ರೋಜನ್, ಅದಕ್ಕೆ ಎರಡು ಮೀಥೈಲ್ (ಒಂದು ಕಾರ್ಬನ್, ಮೂರು ಹೈಡ್ರೋಜನ್ ಇರುವ ಗುಂಪು). ಎಣಿಸಿ ನೋಡಿ, 20 ಕಾರ್ಬನ್, 23 ಹೈಡ್ರೋಜನ್, 1 ನೈಟ್ರೋಜನ್. ಅಣುತೂಕ 277.4.

ಕಾಗದದ ಮೇಲೆ ಬರೆದಾಗ ಇದು ಚಪ್ಪಟೆ ಅನ್ನಿಸುತ್ತದೆ, ನಿಜದಲ್ಲಿ ಹಾಗಿಲ್ಲ. ನಡುವಿನ ಏಳರ ಉಂಗುರ ಸಮತಟ್ಟಾಗಿ ಕೂರಲಾರದು, ಸೊಟ್ಟಗಾಗುತ್ತದೆ. ಹಾಗಾಗಿ ಎರಡು ಬೆಂಜೀನ್‌ಗಳು ಅರ್ಧ ತೆರೆದಿಟ್ಟ ಪುಸ್ತಕದ ಎರಡು ಪುಟಗಳಂತೆ ಮಡಚಿ ನಿಲ್ಲುತ್ತವೆ. ಈ ಮಡಿಕೆ ಬಹಳ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಸ್ವಭಾವ. ಉಂಗುರದ ತಲೆ ಪೂರಾ ಎಣ್ಣೆಯ ಜಾತಿ, ನೀರಿಗೆ ಬೇಡ. ಬಾಲದ ತುದಿಯ ನೈಟ್ರೋಜನ್ ಪ್ರತ್ಯಾಮ್ಲ, ಪ್ರೋಟಾನ್ ಹಿಡಿದು ಧನ ಆವೇಶ ಪಡೆಯುತ್ತದೆ. ಅದರ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ಪ್ರೋಟಾನ್ ಹಿಡಿದಿರುವ ಪಿಎಚ್, ಸುಮಾರು 9.4. ರಕ್ತದ ಪಿಎಚ್ 7.4. ನಡುವಿನ ಅಂತರ 2, ಒಂದೊಂದು ಅಂಕಕ್ಕೂ ಹತ್ತು ಪಟ್ಟು, ಅಂದರೆ ನೂರು ಪಟ್ಟು. ರಕ್ತದಲ್ಲಿ ಆವೇಶವಿಲ್ಲದ ಒಂದು ಅಣು ಇದ್ದರೆ ಆವೇಶ ಹೊತ್ತವು ನೂರು. ಆವೇಶವಿಲ್ಲದ ಅದೊಂದು ಕೊಬ್ಬಿನ ಪೊರೆ ದಾಟಿ ಒಳಗೆ ಹೋಗುತ್ತದೆ. ಹೋದ ಕೂಡಲೇ ಅದರ ಜಾಗಕ್ಕೆ ಇನ್ನೊಂದು ಅಣು ಪ್ರೋಟಾನ್ ಬಿಟ್ಟು ತಯಾರಾಗುತ್ತದೆ. ನೂರರಲ್ಲಿ ಒಂದೇ ಆದರೂ ಸಾಲು ನಿಲ್ಲುವುದಿಲ್ಲ.

ಮಾತ್ರೆಯಲ್ಲಿ ಇರುವುದು ಇದರ ಹೈಡ್ರೋಕ್ಲೋರೈಡ್ ಲವಣ. ಬರೀ ಪ್ರತ್ಯಾಮ್ಲ ನೀರಿನಲ್ಲಿ ಕರಗದ ಎಣ್ಣೆ, ಲವಣವಾದರೆ ಬಿಳಿ ಪುಡಿ, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಲವಣದ ಅಣುತೂಕ 313.9. 25 ಮಿಲಿಗ್ರಾಂ ಮಾತ್ರೆಯಲ್ಲಿ ನಿಜವಾದ ಪ್ರತ್ಯಾಮ್ಲ 22 ಮಿಲಿಗ್ರಾಂ ಮಾತ್ರ. ಮಕ್ಕಳಿಗೆ ಮೋಲ್ ಲೆಕ್ಕ ಮಾಡಿಸಲು ಇದು ಚೆನ್ನಾಗಿದೆ.

ತುರ್ತುಚಿಕಿತ್ಸೆ · ಶನಿವಾರ, ರಾತ್ರಿ 11:15

ನಾಲಿಗೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮೇಡಂ, ನಿಮ್ಮ ಅಮ್ಮ ಹಲ್ಲಿನ ಸೂಜಿಗೆ ಹೋಲಿಸಿದ್ದು ಅಕ್ಷರಶಃ ಸರಿ.

ಹಲ್ಲಿನ ಡಾಕ್ಟರು ಹಾಕುವ ಲಿಗ್ನೋಕೇನ್ ಅಣುವನ್ನು ಬರೆದು ನೋಡಿ. ಒಂದು ಕಡೆ ಎಣ್ಣೆಯ ಸ್ವಭಾವದ ಬೆಂಜೀನ್ ಉಂಗುರ, ನಡುವೆ ಸಣ್ಣ ಸರಪಳಿ, ತುದಿಯಲ್ಲಿ ಪ್ರೋಟಾನ್ ಹಿಡಿಯುವ ನೈಟ್ರೋಜನ್. ಈಗ ಜಿಗಣಿಯವರು ಬರೆಸಿದ ಚಿತ್ರ ನೋಡಿ. ಅದೇ ಮೈಕಟ್ಟು.

ನರದ ಸುದ್ದಿ ಸಾಗುವುದು ಸೋಡಿಯಂ ನಾಳಗಳು, ಅಂದರೆ ಪೊರೆಯಲ್ಲಿ ಸೋಡಿಯಂ ಒಳಬಿಡುವ ಬಾಗಿಲುಗಳು, ತೆರೆದುಕೊಳ್ಳುವುದರಿಂದ. ಆವೇಶವಿಲ್ಲದ ಅಣು ಪೊರೆ ದಾಟಿ ನರಕೋಶದ ಒಳಗೆ ಹೋಗುತ್ತದೆ, ಅಲ್ಲಿ ಪ್ರೋಟಾನ್ ಹಿಡಿಯುತ್ತದೆ, ಒಳಗಡೆಯಿಂದ ಬಂದು ಸೋಡಿಯಂ ನಾಳದ ಬಾಯಿಗೆ ಬೆಣೆಯ ಹಾಗೆ ಕೂರುತ್ತದೆ. ಲಿಗ್ನೋಕೇನ್ ಮಾಡುವುದೂ ಇದನ್ನೇ. ಹಳೆಯ ಔಷಧಿ ಪುಸ್ತಕಗಳಲ್ಲಿ ಅಮಿಟ್ರಿಪ್ಟಿಲಿನ್ ಹೈಡ್ರೋಕ್ಲೋರೈಡ್‌ನ ವಿವರಣೆಯಲ್ಲೇ "ಕಹಿ, ಉರಿ, ಆಮೇಲೆ ಮರಗಟ್ಟುವುದು" ಎಂದು ಬರೆದಿರುತ್ತಿತ್ತು. ನಿಮ್ಮ ಅಮ್ಮ ಅದೇ ಕ್ರಮದಲ್ಲಿ ಹೇಳಿದ್ದಾರೆ, ನನಗೆ ಅದನ್ನು ಓದಿ ಬಹಳ ಖುಷಿಯಾಯಿತು.

ಆದರೆ ಪಾದದ ನೋವು ಇಳಿಯುವುದು ಪಾದ ಹೀಗೆ ಮರಗಟ್ಟುವುದರಿಂದ ಅಂತ ತಿಳಿಯಬೇಡಿ. ಜಗಿದಾಗ ಇಡೀ 10 ಮಿಲಿಗ್ರಾಂ ಒಂದು ಚಮಚ ಎಂಜಲಿನಲ್ಲಿ ಕರಗಿ ನಾಲಿಗೆಯ ಮೇಲೆ ನಿಂತಿತ್ತು. ನುಂಗಿದರೆ ಅದು ಇಡೀ ದೇಹಕ್ಕೆ ಹಂಚಿಹೋಗುತ್ತದೆ. ನೋವಿನ ವಿಷಯದಲ್ಲಿ ಸೋಡಿಯಂ ನಾಳದ ಪಾಲು ಸ್ವಲ್ಪ ಇದೆ, ಹೆಚ್ಚಿನ ಪಾಲು ಬೇರೆಯದು. ಮೆದುಳಿನಿಂದ ಬೆನ್ನುಹುರಿಗೆ ಇಳಿದು ಬರುವ ಕೆಲವು ನರಗಳಿವೆ, ಕೆಳಗಿನಿಂದ ಬರುವ ನೋವಿನ ಸುದ್ದಿಯನ್ನು ಹದ್ದುಬಸ್ತಿನಲ್ಲಿಡುವುದು ಅವುಗಳ ಕೆಲಸ. ಅವು ಬಳಸುವ ರಾಸಾಯನಿಕಗಳು ನಾರ್‌ಅಡ್ರಿನಲಿನ್ ಮತ್ತು ಸೆರೊಟೋನಿನ್. ಬಿಡುಗಡೆಯಾದ ಇವನ್ನು ನರತುದಿ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ, ಅದಕ್ಕೊಂದು ಸಾಗಣೆ ಪ್ರೋಟೀನ್ ಇದೆ. ಅಮಿಟ್ರಿಪ್ಟಿಲಿನ್ ಆ ಪ್ರೋಟೀನನ್ನು ತಡೆಯುತ್ತದೆ. ಖಿನ್ನತೆಗೆ ಕೊಡುವಾಗಲೂ ಕೆಲಸ ಶುರುವಾಗುವುದು ಇಲ್ಲಿಂದಲೇ, ಪ್ರಮಾಣ ಮಾತ್ರ ಹೆಚ್ಚು. ನೋವಿಗೆ 10 ಮಿಲಿಗ್ರಾಂ ಕೊಟ್ಟರೆಂದರೆ ಅಮ್ಮನಿಗೆ ಖಿನ್ನತೆ ಇದೆ ಅಂತ ಅವರು ತೀರ್ಮಾನಿಸಿದ್ದಾರೆ ಎಂದು ಅರ್ಥವಲ್ಲ.

ಬೇರುನಾರು · ಭಾನುವಾರ, ಬೆಳಗ್ಗೆ 7:30

ನನ್ನ ಅನುಭವದ ಮಾತು. ಮನಸ್ಸಿನ ಮಾತ್ರೆ ಒಮ್ಮೆ ಹಿಡಿದರೆ ಬಿಡಲಾಗದು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಮ್ಮ ಅತ್ತೆ ಇದೇ ಭಯಕ್ಕೆ ಎರಡು ತಿಂಗಳು ತಗೊಂಡಿದ್ದನ್ನು ಒಂದೇ ದಿನ ನಿಲ್ಲಿಸಿ ಕಷಾಯಕ್ಕೆ ಬಂದರು. ಒಂದು ವಾರ ನಿದ್ದೆಯಿಲ್ಲ, ವಾಕರಿಕೆ. ಚಟ ಅಲ್ಲದಿದ್ದರೆ ಹಾಗೆ ಯಾಕಾಗಬೇಕು?

ಹುಬ್ಬಳ್ಳಿ_ಮೆಡಿಕಲ್ · ಭಾನುವಾರ, ಬೆಳಗ್ಗೆ 8:10

ಅಣ್ಣಾರ, ಚಟ ಅಂದ್ರ ಮತ್ತ ಬೇಕು, ಇನ್ನಷ್ಟು ಬೇಕು ಅಂತ ಜೀವ ಎಳೀತದಲ್ಲ, ಅದು. ಇದಕ್ಕ ಹಂಗ ಎಳಿಯೂದಿಲ್ರಿ. ಆದ್ರ ತಿಂಗಳಗಟ್ಟಲೆ ಈ ಔಷಧಕ್ಕ ಹೊಂದಿಕೊಂಡ ಮೈ, ಒಮ್ಮಿಂದೊಮ್ಮೆಲೆ ತಗದ್ರ ತಡವರಸ್ತದ. ಅತ್ತಿಯವರಿಗೆ ಆಗಿದ್ದು ಅದ. ಡಾಕ್ಟರು ಮೆಲ್ಲಕ ಇಳಿಸ್ಕೋತ ಬಂದ್ರ ಆ ತ್ರಾಸ ಬಹುಮಟ್ಟಿಗೆ ಆಗೂದಿಲ್ಲ. ಕಷಾಯ ತಗೊಂಡ್ರೂ ಅದನ್ನ ಡಾಕ್ಟರ ಮುಂದ ಹೇಳ್ರಿ, ಮುಚ್ಚಿಡಬ್ಯಾಡ್ರಿ.

ಬಿಎಸ್ಸಿ_ಎರಡನೇವರ್ಷ · ಭಾನುವಾರ, ಬೆಳಗ್ಗೆ 10:00

ಜಿಗಣಿ ಸರ್, ನಮಗೆ ಕಾಲೇಜಿನಲ್ಲಿ ಇದೇ ಮೂರುಂಗುರದ ವರ್ಗದ ಇಮಿಪ್ರಮಿನ್ ಎಂಬ ಔಷಧದ ಬಗ್ಗೆ ಹೇಳಿದ್ದರು. ಅದರಲ್ಲಿ ಎರಡು ನೈಟ್ರೋಜನ್ ಇವೆಯಲ್ಲ, ನಡುವಿನ ಉಂಗುರದಲ್ಲಿ ಒಂದು, ಬಾಲದಲ್ಲಿ ಒಂದು. ಹಾಗಾದರೆ ಅದು ಎರಡು ಪ್ರೋಟಾನ್ ಹಿಡಿದು ಎರಡು ಹೈಡ್ರೋಕ್ಲೋರೈಡ್ ಲವಣ ಆಗಬೇಕು ತಾನೇ?

ಜಿಗಣಿ_ರಿಯಾಕ್ಟರ್ · ಭಾನುವಾರ, ಬೆಳಗ್ಗೆ 11:25

ಒಳ್ಳೆಯ ಪ್ರಶ್ನೆ ತಮ್ಮಾ, ಆದರೆ ಆಗುವುದಿಲ್ಲ. ಉಂಗುರದ ನೈಟ್ರೋಜನ್ ಎರಡು ಬೆಂಜೀನ್‌ಗಳ ಮಧ್ಯೆ ಸಿಕ್ಕಿಕೊಂಡಿದೆ. ಅದರ ಒಂಟಿ ಎಲೆಕ್ಟ್ರಾನ್ ಜೋಡಿ ಎರಡೂ ಕಡೆಯ ಉಂಗುರಗಳಿಗೆ ಹರಡಿಹೋಗಿದೆ, ಪ್ರೋಟಾನಿಗೆ ಕೊಡಲು ಕೈಯಲ್ಲಿ ಏನೂ ಉಳಿದಿಲ್ಲ. ಡೈಫಿನೈಲ್‌ಅಮೀನ್ ಯಾಕೆ ಅಷ್ಟು ದುರ್ಬಲ ಪ್ರತ್ಯಾಮ್ಲ ಅಂತ ನೀವು ಓದಿರುತ್ತೀರಿ, ಅದೇ ಕಾರಣ. ಹಾಗಾಗಿ ಬಾಲದ ನೈಟ್ರೋಜನ್ ಒಂದೇ ಪ್ರೋಟಾನ್ ಹಿಡಿಯುತ್ತದೆ, ಒಂದೇ ಹೈಡ್ರೋಕ್ಲೋರೈಡ್.

ಅದೇ ಉಂಗುರದ ನೈಟ್ರೋಜನ್ ಇನ್ನೊಂದು ಕಡೆ ತನ್ನ ಗುಣ ತೋರಿಸುತ್ತದೆ. ಚೂರು ಇಮಿಪ್ರಮಿನ್ ಪುಡಿಗೆ ನೈಟ್ರಿಕ್ ಆಮ್ಲ ಹಾಕಿದರೆ ಗಾಢ ನೀಲಿ ಬಣ್ಣ ಬರುತ್ತದೆ. ನಮ್ಮ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಲ್ಯಾಬಿನಲ್ಲಿ ನಾನು ಇದನ್ನು ಮೊದಲ ಸಲ ನೋಡಿದ ದಿನ ಇವತ್ತಿಗೂ ನೆನಪಿದೆ, ಇಂಕಿನ ದೌತಿ ಮಗುಚಿದ ಹಾಗೆ. ಎಲೆಕ್ಟ್ರಾನ್ ಸಮೃದ್ಧವಾದ ಆ ಉಂಗುರಗಳನ್ನು ಆಮ್ಲ ಉತ್ಕರ್ಷಿಸುವುದರಿಂದ ಬರುವ ಬಣ್ಣ. ಅಮಿಟ್ರಿಪ್ಟಿಲಿನ್‌ನಲ್ಲಿ ಆ ಜಾಗದಲ್ಲಿ ಇರುವುದು ಕಾರ್ಬನ್, ಅದಕ್ಕೆ ಈ ನೀಲಿ ಇಲ್ಲ.

ಹಳೆಯ_ಪುಟ · ಭಾನುವಾರ, ಮಧ್ಯಾಹ್ನ 3:10

ಇಮಿಪ್ರಮಿನ್ ಮಾತು ಬಂದದ್ದಕ್ಕೆ ಅದರ ಕಥೆ ಹೇಳುತ್ತೇನೆ. ಈ ಇಡೀ ಕುಟುಂಬದ ಹಿರಿಯಣ್ಣ ಅದು.

ಬಾಲವಿಲ್ಲದ ಬರಿಯ ಮೂರುಂಗುರದ ತಲೆಗೆ ಇಮಿನೋಡೈಬೆಂಜಿಲ್ ಎಂದು ಹೆಸರು. 1899ರಲ್ಲಿ ಥೀಲೆ ಮತ್ತು ಹೋಲ್ಟ್ಸಿಂಗರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಅದನ್ನು ತಯಾರಿಸಿದರು. ಆಮೇಲೆ ಸುಮಾರು ಅರ್ಧ ಶತಮಾನ ಅದರಿಂದ ಯಾವ ಔಷಧವೂ ಹುಟ್ಟಲಿಲ್ಲ. 1940ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಗೈಗಿ ಕಂಪನಿಯ ಹೆಫ್ಲಿಗರ್ ಮತ್ತು ಶಿಂಡ್ಲರ್ ಆ ತಲೆಗೆ ಬೇರೆ ಬೇರೆ ಬಾಲ ಜೋಡಿಸಿ 40ಕ್ಕೂ ಹೆಚ್ಚು ಅಣುಗಳನ್ನು ಮಾಡಿದರು. ಅಲರ್ಜಿಗೋ ನಿದ್ದೆಗೋ ಆದೀತು ಎಂಬ ಲೆಕ್ಕಾಚಾರ.

ಅಷ್ಟರಲ್ಲಿ ಫ್ರಾನ್ಸಿನಲ್ಲಿ ಇನ್ನೊಂದು ಘಟನೆ. ರೋನ್ ಪೂಲೆಂಕ್ ಕಂಪನಿಯ ಪಾಲ್ ಶಾರ್ಪಾಂತಿಯೆ 1950ರಲ್ಲಿ ಕ್ಲೋರ್‌ಪ್ರೊಮಜಿನ್ ತಯಾರಿಸಿದ್ದರು, 1952ರ ಹೊತ್ತಿಗೆ ಅದು ಸ್ಕಿಜೋಫ್ರೇನಿಯಾ ರೋಗಿಗಳನ್ನು ಶಾಂತಗೊಳಿಸುತ್ತದೆ ಎಂದು ಗೊತ್ತಾಗಿತ್ತು. ಅದರದ್ದೂ ಮೂರುಂಗುರ, ಅದೇ ಮೂರು ಕಾರ್ಬನ್ನಿನ ಬಾಲ. ವ್ಯತ್ಯಾಸ ನಡುವಿನ ಉಂಗುರದಲ್ಲಿ. ಅಲ್ಲಿ ಸೇತುವೆಯಾಗಿ ಒಂದು ಗಂಧಕ, ಇಲ್ಲಿ ಎರಡು ಕಾರ್ಬನ್. ಉಂಗುರದ ಮೇಲೊಂದು ಕ್ಲೋರಿನ್ ಅಲ್ಲಿದೆ, ಇಲ್ಲಿಲ್ಲ. ಇಷ್ಟು ಹೋಲಿಕೆ ಇದ್ದ ಮೇಲೆ ಕೆಲಸವೂ ಅದೇ ಇರಬೇಕೆಂದು ಗೈಗಿಯವರು ಜಿ 22355 ಎಂಬ ಸಂಖ್ಯೆಯ ತಮ್ಮ ಅಣುವನ್ನು ರೋಲಾಂಡ್ ಕೂನ್ ಎಂಬ ಮನೋವೈದ್ಯರಿಗೆ ಕಳಿಸಿದರು. ಕೂನ್ ಇದ್ದದ್ದು ಕಾನ್‌ಸ್ಟಾನ್ಸ್ ಸರೋವರದ ದಡದ ಮ್ಯುನ್‌ಸ್ಟರ್‌ಲಿಂಗೆನ್ ಎಂಬ ಊರಿನ ಆಸ್ಪತ್ರೆಯಲ್ಲಿ.

ಸ್ಕಿಜೋಫ್ರೇನಿಯಾಕ್ಕೆ ಅದು ಹಿಡಿಸಲಿಲ್ಲ. ಶಾಂತವಾಗುವ ಬದಲು ಕೆಲವರು ಕೆರಳಿದರು. ಅಲ್ಲಿಗೇ ಕೈಬಿಡಬಹುದಿತ್ತು. 1956ರ ಜನವರಿಯಲ್ಲಿ ಕೂನ್ ಅದನ್ನು ತೀವ್ರ ಖಿನ್ನತೆಯಲ್ಲಿದ್ದ ರೋಗಿಗಳಿಗೆ ಕೊಟ್ಟು ನೋಡಿದರು. ಕೆಲವು ದಿನಗಳಲ್ಲೇ ಮಾತಿಲ್ಲದೆ ಕೂತಿದ್ದವರು ಎದ್ದು ಓಡಾಡಿದರು. 1957ರಲ್ಲಿ ಸ್ವಿಸ್ ವೈದ್ಯ ಪತ್ರಿಕೆಯಲ್ಲಿ ಬರೆದರು, ಅದೇ ವರ್ಷ ಜ್ಯೂರಿಕ್‌ನ ವಿಶ್ವ ಮನೋವೈದ್ಯ ಸಮ್ಮೇಳನದಲ್ಲಿ ಹೇಳಿದರು. ಕೇಳಲು ಬಂದವರು ಸುಮಾರು 12 ಮಂದಿ.

ಕಥೆಯ ಇನ್ನೊಂದು ಭಾಗವನ್ನೂ ಹೇಳಬೇಕು, ಬಿಟ್ಟರೆ ಅನ್ಯಾಯ. 2019ರಲ್ಲಿ ಪ್ರಕಟವಾದ ಇತಿಹಾಸಕಾರರ ಅಧ್ಯಯನವೊಂದು ಆ ಆಸ್ಪತ್ರೆಯ ಕಡತಗಳನ್ನೆಲ್ಲ ತೆಗೆದು ನೋಡಿತು. ದಶಕಗಳ ಕಾಲ ಅಲ್ಲಿ ಹತ್ತಾರು ಹೊಸ ರಾಸಾಯನಿಕಗಳನ್ನು ರೋಗಿಗಳ ಮೇಲೆ ಪ್ರಯೋಗ ಮಾಡಿದ್ದರು, ಅನೇಕರಿಗೆ ತಮಗೆ ಏನು ಕೊಡುತ್ತಿದ್ದಾರೆಂಬುದೇ ತಿಳಿದಿರಲಿಲ್ಲ. ಇಂದು ಕೋಟ್ಯಂತರ ಜನ ಉಪಯೋಗ ಪಡೆಯುತ್ತಿರುವ ಮದ್ದಿನ ಹಿಂದೆ ಒಪ್ಪಿಗೆ ಕೇಳಿಸಿಕೊಳ್ಳದ ಆ ಜನ ಇದ್ದಾರೆ. ನನಗೆ ಇದನ್ನು ಮರೆಯಲು ಆಗುವುದಿಲ್ಲ.

ಜಿಗಣಿ_ರಿಯಾಕ್ಟರ್ · ಭಾನುವಾರ, ಸಂಜೆ 5:45

ಹಳೆಯ ಪುಟದವರು ಹೇಳಿದ ಗಂಧಕ ಮತ್ತು ಎರಡು ಕಾರ್ಬನ್ ವ್ಯತ್ಯಾಸದ ಜಾಗಕ್ಕೇ ನಾನು ನಿನ್ನೆ ಬಿಟ್ಟಿದ್ದ ಮಡಿಕೆಯ ಮಾತು ಸೇರುತ್ತದೆ. ಗಂಧಕ ಇದ್ದರೆ ನಡುವಿನದು ಆರರ ಉಂಗುರ. ಅದು ಸ್ವಲ್ಪವೇ ಬಾಗುತ್ತದೆ. ಎರಡು ಕಾರ್ಬನ್ ಇದ್ದರೆ ಏಳರ ಉಂಗುರ, ಮಡಿಕೆ ಹೆಚ್ಚು, ಜೊತೆಗೆ ಒಂದು ತಿರುಚು. ಇಷ್ಟರಿಂದಲೇ ಡೋಪಮಿನ್ ಗ್ರಾಹಕಕ್ಕೆ (ಡೋಪಮಿನ್ ಎಂಬ ನರರಾಸಾಯನಿಕದ ಸುದ್ದಿ ಹಿಡಿಯುವ ಪ್ರೋಟೀನಿಗೆ) ಚೆನ್ನಾಗಿ ಹೊಂದುತ್ತಿದ್ದ ಆಕಾರ ಅಲ್ಲಿ ಸಡಿಲವಾಗಿ, ನಾರ್‌ಅಡ್ರಿನಲಿನ್ ಮತ್ತು ಸೆರೊಟೋನಿನ್ ಸಾಗಿಸುವ ಪ್ರೋಟೀನ್‌ಗಳಿಗೆ ಹೊಂದಿಕೊಂಡಿತು.

ಅಮಿಟ್ರಿಪ್ಟಿಲಿನ್ ಅಮೆರಿಕದಲ್ಲಿ 1961ರಲ್ಲಿ ಅನುಮತಿ ಪಡೆಯಿತು. ಅದನ್ನು ಕಟ್ಟುವ ಹಳೆಯ ದಾರಿಯನ್ನು ಮೇಡಂ ಅವರಿಗಾಗಿ ಬರೆಯುತ್ತೇನೆ, ಬೋರ್ಡಿನ ಮೇಲೆ ಪರಮಾಣು ಎಣಿಸಿಕೊಂಡು ಹೋಗಬಹುದು. ಶುರುವಾಗುವುದು ಥ್ಯಾಲಿಕ್ ಆನ್‌ಹೈಡ್ರೈಡ್‌ನಿಂದ, ಬಣ್ಣ ಮತ್ತು ಪ್ಲಾಸ್ಟಿಕ್ ಕಾರ್ಖಾನೆಗಳಲ್ಲಿ ಟನ್‌ಗಟ್ಟಲೆ ಬಳಸುವ ವಸ್ತು. ಅದಕ್ಕೆ ಫಿನೈಲ್ ಅಸಿಟಿಕ್ ಆಮ್ಲ. ಇದರ ವಾಸನೆ ಜೇನಿನಂತೆ. ಮೊದಲ ದಿನ ಹಿತ, ಬಟ್ಟೆಗೆ ಅಂಟಿ ಮನೆಗೆ ಬಂದರೆ ಮನೆಯವರು ಮುಖ ಕಿವುಚುತ್ತಾರೆ. ಎರಡೂ ಸೇರಿದಾಗ ಒಂದು ಇಂಗಾಲದ ಡೈಆಕ್ಸೈಡ್ ಮತ್ತು ಒಂದು ನೀರು ಹೊರಬಿದ್ದು ಬೆಂಜಾಲ್‌ಥ್ಯಾಲೈಡ್ ಉಳಿಯುತ್ತದೆ: 15 ಕಾರ್ಬನ್, 10 ಹೈಡ್ರೋಜನ್, 2 ಆಕ್ಸಿಜನ್. ಅದನ್ನು ಅಪಕರ್ಷಿಸಿದರೆ ಉಂಗುರವೊಂದು ಬಿಚ್ಚಿಕೊಂಡು ಆಮ್ಲವಾಗುತ್ತದೆ. ಆ ಆಮ್ಲದಿಂದ ನೀರು ತೆಗೆದರೆ ತಾನೇ ಬಾಗಿ ಪಕ್ಕದ ಬೆಂಜೀನಿಗೆ ಕಚ್ಚಿಕೊಳ್ಳುತ್ತದೆ. ಏಳರ ಉಂಗುರ ಹುಟ್ಟುವುದು ಈ ಗಳಿಗೆಯಲ್ಲಿ. ಬಂದದ್ದು ಡೈಬೆಂಜೋಸುಬೆರೋನ್, 15 ಕಾರ್ಬನ್, 12 ಹೈಡ್ರೋಜನ್, 1 ಆಕ್ಸಿಜನ್.

ಇನ್ನು ಬಾಲ. ಅದು ಬರುವುದು ಗ್ರಿನ್ಯಾರ್ಡ್ ಕ್ರಿಯೆಯಿಂದ, ಮೆಗ್ನೀಸಿಯಂ ನೆರವಿನಿಂದ ಕಾರ್ಬನ್ನಿಗೆ ಕಾರ್ಬನ್ ಜೋಡಿಸುವ ವಿಧಾನ. ಕಾಲೇಜಿನಲ್ಲಿ ಅದನ್ನು ಒಂದು ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಪ್ಲಾಂಟಿನಲ್ಲಿ ಮಾಡುವಾಗ ಎದೆ ಡವಡವ. ಒಂದು ಹನಿ ತೇವವಿದ್ದರೂ ಮೆಗ್ನೀಸಿಯಂ ಸುಮ್ಮನೆ ಬಿದ್ದಿರುತ್ತದೆ, ಏನೂ ಆಗುವುದಿಲ್ಲ. ಶುರುವಾಗಲಿಲ್ಲವೆಂದು ಯಾರಾದರೂ ಆತುರಪಟ್ಟು ಹೆಚ್ಚು ಸುರಿದರೆ, ಆಮೇಲೆ ಒಮ್ಮೆಲೇ ಹೊತ್ತಿಕೊಂಡು ರಿಯಾಕ್ಟರ್ ಕೈಮೀರುತ್ತದೆ. ಮಳೆಗಾಲದಲ್ಲಿ ನಾವು ಒಂದೊಂದು ಪೈಪನ್ನೂ ಎರಡೆರಡು ಸಲ ನೈಟ್ರೋಜನ್ ಹಾಯಿಸಿ ಒಣಗಿಸುತ್ತಿದ್ದೆವು. ಒಂದು ಜುಲೈನಲ್ಲಿ, ನಾನು ಹೊಸಬ, ಶುರುವಾಗದ ಬ್ಯಾಚಿನ ಮುಂದೆ ನಾಲ್ಕು ಗಂಟೆ ನಿಂತಿದ್ದೆ. ನಮ್ಮ ಹಿರಿಯ ಆಪರೇಟರ್ ಒಬ್ಬರು ರಿಯಾಕ್ಟರಿನ ಹೊರಮೈ ಮುಟ್ಟಿ ನೋಡಿ "ಇನ್ನೂ ಒಂದು ತೊಟ್ಟೂ ಹಾಕಬೇಡ, ಕಾಯಿ" ಅಂದರು. ಹತ್ತು ನಿಮಿಷಕ್ಕೆ ಬಿಸಿ ಏರಿತು. ಅವತ್ತು ಅವರ ಮಾತು ಕೇಳದೆ ಹೋಗಿದ್ದರೆ ಏನಾಗುತ್ತಿತ್ತೋ.

ಬಾಲ ಕೂತ ಮೇಲೆ ಆಲ್ಕೊಹಾಲ್ ವರ್ಗದ ಒಂದು ಅಣು ಸಿಗುತ್ತದೆ, ಆಮ್ಲದಲ್ಲಿ ಕಾಯಿಸಿದರೆ ಅದರಿಂದ ನೀರು ಹೋಗಿ ಜೋಡಿಬಂಧ ಬರುತ್ತದೆ. 20 ಕಾರ್ಬನ್, 23 ಹೈಡ್ರೋಜನ್, 1 ನೈಟ್ರೋಜನ್. ಲೆಕ್ಕ ಸರಿಹೋಯಿತಲ್ಲ?

ಬಿಎಸ್ಸಿ_ಎರಡನೇವರ್ಷ · ಭಾನುವಾರ, ಸಂಜೆ 6:30

ಸರ್, ಜೋಡಿಬಂಧ ಇದೆ ಅಂದರೆ ಸಿಸ್ (ಒಂದೇ ಬದಿ), ಟ್ರಾನ್ಸ್ (ಎದುರು ಬದಿ) ಎರಡು ರೂಪ ಇರಬೇಕಲ್ಲವೇ?

ಜಿಗಣಿ_ರಿಯಾಕ್ಟರ್ · ಭಾನುವಾರ, ಸಂಜೆ 7:00

ಬಾಲ ಎಡಕ್ಕೆ ಬಾಗಿದರೂ ಬಲಕ್ಕೆ ಬಾಗಿದರೂ ಎರಡೂ ಕಡೆ ಇರುವುದು ಒಂದೇ ಬಗೆಯ ಬೆಂಜೀನ್. ತಿರುಗಿಸಿಟ್ಟರೆ ಅದೇ ಅಣು. ಹಾಗಾಗಿ ಎರಡು ರೂಪ ಇಲ್ಲ. ಆದರೆ ಸೇತುವೆಯ ಎರಡು ಕಾರ್ಬನ್‌ಗಳಲ್ಲಿ ಒಂದನ್ನು ತೆಗೆದು ಆಕ್ಸಿಜನ್ ಇಡು. ಅದು ಡಾಕ್ಸೆಪಿನ್, ಇದೇ ಬಳಗದ ಇನ್ನೊಂದು ಔಷಧ. ಈಗ ಎಡ ಬಲ ಬೇರೆ ಬೇರೆ, ಎರಡು ರೂಪ ಬಂದೇ ಬರುತ್ತವೆ. ಮಾರುವ ಡಾಕ್ಸೆಪಿನ್ ಈ ಎರಡರ ಮಿಶ್ರಣ, ಸುಮಾರು 85ಕ್ಕೆ 15. ಆ ಒಂದು ಆಕ್ಸಿಜನ್ ಇರುವ ಅಣು ಹಿಸ್ಟಮಿನ್ ಗ್ರಾಹಕವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆಂದರೆ, ಅಮೆರಿಕದಲ್ಲಿ 2010ರಿಂದ ಬರೀ 3 ಮತ್ತು 6 ಮಿಲಿಗ್ರಾಂ ಮಾತ್ರೆಯನ್ನು ನಿದ್ದೆಗೆಂದು ಕೊಡುತ್ತಾರೆ.

ಇನ್ನೂ ಸೊಗಸಾದ ವಿಷಯ: ಕಾರ್ಖಾನೆಯಲ್ಲಿ ಇಲ್ಲದ ಆ ಎರಡು ರೂಪಗಳನ್ನು ನಮ್ಮ ಯಕೃತ್ತು ಮಾಡುತ್ತದೆ. ಸೇತುವೆಯ ಒಂದು ಕಾರ್ಬನ್ನಿಗೆ ಅದು ಹೈಡ್ರಾಕ್ಸಿಲ್ (ಒಂದು ಆಕ್ಸಿಜನ್, ಒಂದು ಹೈಡ್ರೋಜನ್) ಅಂಟಿಸಿದ ಕ್ಷಣ ಎಡ ಬಲ ಬೇರೆಯಾಯಿತು, ಎರಡು ರೂಪ ಹುಟ್ಟಿತು.

ಕಾವೇರಿಕೊಳ್ಳ · ಭಾನುವಾರ, ರಾತ್ರಿ 9:20

ಯಕೃತ್ತಿನ ಮಾತು ಬಂತು, ನನ್ನದು ಹೇಳುತ್ತೇನೆ. ನಾನು ಈ ಮದ್ದನ್ನು ಖಿನ್ನತೆಗೇ ತಗೊಂಡವನು. ಕೆಲವು ವರ್ಷದ ಹಿಂದಿನ ಮಾತು. ಬೆಳಗ್ಗೆ ಏಳುವುದು, ಹಲ್ಲುಜ್ಜುವುದು ಕೂಡ ಬೆಟ್ಟ ಹತ್ತಿದ ಹಾಗಿತ್ತು. ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣಕ್ಕೇ ಹಗಲಿಡೀ ತೂಕಡಿಕೆ, ಬಾಯಿ ಒಣಗಿ ಅನ್ನ ಇಳಿಯದು, ಮಲಬದ್ಧತೆ. ಡಾಕ್ಟರು ನಾರ್‌ಟ್ರಿಪ್ಟಿಲಿನ್‌ಗೆ ಬದಲಾಯಿಸಿದರು, ರಕ್ತದಲ್ಲಿ ಅದರ ಮಟ್ಟವನ್ನೂ ಪರೀಕ್ಷಿಸಿದರು. ನಾಲ್ಕನೆಯ ವಾರ ಒಂದು ಬೆಳಗ್ಗೆ ಕಾಫಿಯ ಘಮ ಮೂಗಿಗೆ ಬಂತು. ಎಷ್ಟೋ ತಿಂಗಳಿಂದ ಅದು ಬಂದೇ ಇರಲಿಲ್ಲ ಅಂತ ಆಗ ಗೊತ್ತಾಯಿತು.

ಒಂದೇ ಒಂದು ಮೀಥೈಲ್ ಕಡಿಮೆಯಾದರೆ ಇಷ್ಟು ವ್ಯತ್ಯಾಸ ಹೇಗೆ? ಬಲ್ಲವರು ಹೇಳಿ.

ತುರ್ತುಚಿಕಿತ್ಸೆ · ಭಾನುವಾರ, ರಾತ್ರಿ 10:40

ನೀವು ಚೇತರಿಸಿಕೊಂಡದ್ದು ಕೇಳಿ ಸಮಾಧಾನವಾಯಿತು.

ಬಾಲದ ನೈಟ್ರೋಜನ್ ಮೇಲೆ ಎರಡು ಮೀಥೈಲ್ ಇದ್ದರೆ ಅಮಿಟ್ರಿಪ್ಟಿಲಿನ್, ಒಂದು ಹೋದರೆ ನಾರ್‌ಟ್ರಿಪ್ಟಿಲಿನ್. ಇಮಿಪ್ರಮಿನ್‌ನಿಂದ ಒಂದು ಹೋದರೆ ಡೆಸಿಪ್ರಮಿನ್. ಎರಡಿದ್ದಾಗ ಸೆರೊಟೋನಿನ್ ಕಡೆ ಒಲವು ಹೆಚ್ಚು, ಒಂದಾದಾಗ ನಾರ್‌ಅಡ್ರಿನಲಿನ್ ಕಡೆಗೆ ವಾಲುತ್ತದೆ. ಅದರ ಜೊತೆಗೆ ಹಿಸ್ಟಮಿನ್ ಗ್ರಾಹಕ, ಅಸಿಟೈಲ್‌ಕೋಲಿನ್ ಗ್ರಾಹಕಗಳ ಮೇಲಿನ ಹಿಡಿತವೂ ಸಡಿಲವಾಗುತ್ತದೆ. ತೂಕಡಿಕೆ ಹಿಸ್ಟಮಿನ್‌ನಿಂದ, ಬಾಯಿ ಒಣಗುವುದು ಮತ್ತು ಮಲಬದ್ಧತೆ ಅಸಿಟೈಲ್‌ಕೋಲಿನ್ ತಡೆಯುವುದರಿಂದ. ನಿಮಗೆ ಅವು ಇಳಿದದ್ದು ಹಾಗೆ.

ಈ ಮೀಥೈಲ್ ಕತ್ತರಿಸುವ ಕೆಲಸ ಯಕೃತ್ತಿನಲ್ಲಿ ತಾನಾಗಿಯೂ ನಡೆಯುತ್ತದೆ, ಮುಖ್ಯವಾಗಿ ಸಿವೈಪಿ2ಸಿ19 ಎಂಬ ಕಿಣ್ವದಿಂದ. ಆಮೇಲೆ ಹೈಡ್ರಾಕ್ಸಿಲ್ ಅಂಟಿಸಿ ಹೊರಗೆ ಕಳಿಸುವುದು ಸಿವೈಪಿ2ಡಿ6. ಈ ಕಿಣ್ವಗಳು ಎಲ್ಲರಲ್ಲೂ ಒಂದೇ ವೇಗದವಲ್ಲ, ಹುಟ್ಟಿನಿಂದಲೇ ವ್ಯತ್ಯಾಸ. 2ಸಿ19 ನಿಧಾನವಿರುವವರು ಯುರೋಪಿಗಿಂತ ನಮ್ಮ ಏಷ್ಯಾದಲ್ಲಿ ಹೆಚ್ಚು. ಅದಕ್ಕೇ ಪಕ್ಕದ ಮನೆಯವರಿಗೆ 25 ಮಿಲಿಗ್ರಾಂ ಹಿಡಿಸಿತು ಅಂತ ನಾವೂ ಅಷ್ಟೇ ತಗೊಳ್ಳುವಂತಿಲ್ಲ. ನಾರ್‌ಟ್ರಿಪ್ಟಿಲಿನ್‌ಗೆ ರಕ್ತದಲ್ಲಿ ಮಿಲಿಲೀಟರಿಗೆ 50ರಿಂದ 150 ನ್ಯಾನೋಗ್ರಾಂ ಅನ್ನುವ ಹದ ಇದೆ. ಕಡಿಮೆಯಾದರೂ ಕೆಲಸ ಮಾಡದು, ಮೀರಿದರೂ ಗುಣ ಕುಗ್ಗುತ್ತದೆ.

ನಾಲ್ಕು ವಾರ ಹಿಡಿದದ್ದರ ಬಗ್ಗೆ: ಸಾಗಣೆ ಪ್ರೋಟೀನ್ ತಡೆಯಾಗುವುದು ಮೊದಲ ದಿನವೇ. ಇಮಿಪ್ರಮಿನ್ ಈ ಸಾಗಣೆಯನ್ನು ತಡೆಯುತ್ತದೆಂದು 1961ರಲ್ಲೇ ತೋರಿಸಿದವರು ಜೂಲಿಯಸ್ ಆಕ್ಸೆಲ್‌ರಾಡ್ ಮತ್ತು ಸಂಗಡಿಗರು. 1970ರಲ್ಲಿ ಆಕ್ಸೆಲ್‌ರಾಡ್‌ಗೆ ನೊಬೆಲ್ ಬಂತು. ಮನಸ್ಸು ಮೇಲೇಳಲು ಬೇಕಾದ ವಾರಗಳಲ್ಲಿ ನರಕೋಶಗಳೇ ನಿಧಾನವಾಗಿ ಮಾರ್ಪಡುತ್ತವೆ. ಬರೀ "ಸೆರೊಟೋನಿನ್ ಕಡಿಮೆಯಾಗಿತ್ತು, ತುಂಬಿಸಿದೆವು" ಅನ್ನುವ ವಿವರಣೆ ಸಾಲದು ಅಂತ ನಾನು ರೋಗಿಗಳಿಗೂ ಹೇಳುತ್ತೇನೆ. ಮೊದಲ ವಾರದಲ್ಲಿ ಗುಣ ಕಾಣಲಿಲ್ಲವೆಂದು ಎಷ್ಟೋ ಮಂದಿ ಬಿಟ್ಟುಬಿಡುತ್ತಾರೆ.

ಕೊನೆಯದಾಗಿ ನನ್ನ ಕೆಲಸದ ಮಾತು. ನಾಲಿಗೆಯ ಸೋಡಿಯಂ ನಾಳವನ್ನು ಮುಚ್ಚಿದ ಅದೇ ಗುಣ, ಪ್ರಮಾಣ ಮೀರಿದರೆ ಹೃದಯದ ಸೋಡಿಯಂ ನಾಳವನ್ನೂ ಮುಚ್ಚುತ್ತದೆ. ಇಸಿಜಿಯಲ್ಲಿ ಕ್ಯುಆರ್‌ಎಸ್ ಎಂಬ ಚೂಪಾದ ಅಲೆ ಅಗಲವಾಗುತ್ತದೆ, ಬಡಿತ ತಪ್ಪುತ್ತದೆ. ಹಾಸಿಗೆ ಒದ್ದೆ ಮಾಡುವ ಅಣ್ಣನಿಗೆಂದು ತಂದ ಇಮಿಪ್ರಮಿನ್ ಮಾತ್ರೆಗಳನ್ನು ಪುಟ್ಟ ತಂಗಿ ಪೆಪ್ಪರ್‌ಮಿಂಟ್ ಎಂದು ತಿಂದ ಪ್ರಕರಣ ನಾನು ನೋಡಿದ್ದೇನೆ. ತಂದೆ ತಾಯಿ ತಡಮಾಡದೆ ಓಡಿ ಬಂದರು, ಮಗು ಉಳಿಯಿತು. ಅಲ್ಲಿ ನಾವು ಕೊಟ್ಟದ್ದು ಸೋಡಿಯಂ ಬೈಕಾರ್ಬನೇಟ್, ಅಡುಗೆ ಸೋಡಾದ ಶುದ್ಧ ರೂಪ, ರಕ್ತನಾಳದ ಮೂಲಕ. ಸೋಡಿಯಂ ಹೆಚ್ಚಾದಾಗ, ರಕ್ತದ ಪಿಎಚ್ ಸ್ವಲ್ಪ ಏರಿದಾಗ ಅಣು ನಾಳವನ್ನು ಬಿಟ್ಟುಕೊಡುತ್ತದೆ. ಡಯಾಲಿಸಿಸ್ ಇದಕ್ಕೆ ಪ್ರಯೋಜನವಿಲ್ಲ, ಎಣ್ಣೆ ಸ್ವಭಾವದ ಅಣು ರಕ್ತ ಬಿಟ್ಟು ಅಂಗಾಂಶಗಳಲ್ಲಿ ಅಡಗಿರುತ್ತದೆ. ಮನೆಯಲ್ಲಿ ಈ ಮಾತ್ರೆ ಇದ್ದರೆ ಬೀಗದೊಳಗೆ ಇಡಿ. ಯಾರಾದರೂ ಹೆಚ್ಚು ತಗೊಂಡಿರಬಹುದೆಂಬ ಅನುಮಾನ ಬಂದರೂ ಸಾಕು, ಆರಾಮಾಗಿದ್ದಾರಲ್ಲ ಅಂತ ಕಾಯದೆ ಆಸ್ಪತ್ರೆಗೆ ಕರೆತನ್ನಿ. ಮನಸ್ಸು ತೀರಾ ಕುಗ್ಗಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಹುಬ್ಬಳ್ಳಿ_ಮೆಡಿಕಲ್ · ಸೋಮವಾರ, ಬೆಳಗ್ಗೆ 8:30

ಡಾಕ್ಟರ ಹೇಳಿದ್ದಕ್ಕ ನಂದೊಂದು ಸೇರಿಸ್ತೀನಿ. ಈ ಮೂರುಂಗುರದ ಬಳಗ ನಮ್ಮ ಅಂಗಡ್ಯಾಗ ಹೆಸರು ಬದಲಿಸ್ಕೊಂಡು ಕೂತದ. ಹುಡುಗರಿಗೆ ಹಸಿವಿ ಆಗಲಿ ಅಂತ ಮಂದಿ ಒಯ್ತಾರಲ್ಲ, ಸಿಪ್ರೊಹೆಪ್ಟಡಿನ್ ಸಿರಪ್, ಅದರ ತಲಿನೂ ಇದ. ಫಿಟ್ಸಿನ ಕಾರ್ಬಮಜೆಪಿನ್ ತಲಿನೂ ಇದ ಮನಿತನದ್ದು. ಸೈಕ್ಲೋಬೆಂಜಪ್ರಿನ್ ಅಂತ ಸ್ನಾಯು ಸಡಲಸೋ ಗುಳಿಗಿ ಅದ, ಅದಂತೂ ಅಮಿಟ್ರಿಪ್ಟಿಲಿನ್‌ಗಿಂತ ಎರಡ ಹೈಡ್ರೋಜನ್ ಕಡಿಮಿ, ಅಷ್ಟ. ಅದಕ್ಕ ಒಂದು ತಗೊಳ್ಳೋರಿಗೆ ಇನ್ನೊಂದು ಕೊಡೋ ಮುಂದ ನಾ ಕೇಳಿ ಕೊಡ್ತೀನಿ.

ಜಿಗಣಿ_ರಿಯಾಕ್ಟರ್ · ಸೋಮವಾರ, ಮಧ್ಯಾಹ್ನ 1:15

ಕಾರ್ಬಮಜೆಪಿನ್ ಉದಾಹರಣೆ ಬಹಳ ಚೆನ್ನಾಗಿದೆ. ಅದನ್ನು 1953ರಲ್ಲಿ ತಯಾರಿಸಿದ್ದೂ ಗೈಗಿಯ ಅದೇ ಶಿಂಡ್ಲರ್. ತಲೆ ಇದೆ, ಆದರೆ ಪ್ರೋಟಾನ್ ಹಿಡಿಯುವ ಬಾಲ ಇಲ್ಲ, ಅದರ ಬದಲು ಮೊಂಡಾದ ಒಂದು ಅಮೈಡ್ ಗುಂಪು. ಸಾಗಣೆ ಪ್ರೋಟೀನ್‌ಗಳಿಗೆ ಅದು ಬೇಡವಾಯಿತು. ಆದರೆ ಸೋಡಿಯಂ ನಾಳವನ್ನು ಹಿಡಿಯುವ ಗುಣ ಉಳಿಯಿತು, ಫಿಟ್ಸಿಗೆ ಮದ್ದಾಯಿತು.

ನಮ್ಮ ದೇಶದ್ದೂ ಒಂದಿದೆ, ಯಾರೂ ನೆನೆಯುವುದಿಲ್ಲ. ಮುಂಬೈಯ ಗೋರೆಗಾಂವ್‌ನಲ್ಲಿದ್ದ ಸೀಬಾ ಔಷಧ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಕೆ. ನಾಗರಾಜನ್ ಮತ್ತು ತಂಡದವರು ರೂಪಿಸಿದ ಖಿನ್ನತೆಯ ಔಷಧ, ನೈಟ್ರಾಕ್ಸಾಜೆಪಿನ್. ಸಿಂಟಾಮಿಲ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ನಡುವಿನ ಏಳರ ಉಂಗುರದಲ್ಲಿ ಒಂದು ಆಕ್ಸಿಜನ್, ಒಂದು ನೈಟ್ರೋಜನ್, ಪಕ್ಕದ ಬೆಂಜೀನ್ ಮೇಲೆ ನೈಟ್ರೋ ಗುಂಪು, ಬಾಲ ಮಾತ್ರ ಇಮಿಪ್ರಮಿನ್‌ನದ್ದೇ. ಬಿಎಸ್ಸಿ ತಮ್ಮ, ಅದನ್ನೊಮ್ಮೆ ಬರೆದು ನೋಡು.

ತುಂಗಾತೀರ · ಬುಧವಾರ, ಸಂಜೆ 6:50

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಅಮ್ಮ ಈಗ ಬಾಳೆಹಣ್ಣಿನಲ್ಲಿಟ್ಟು ನುಂಗುತ್ತಿದ್ದಾರೆ. ಮಾತ್ರೆಗಳ ಪಟ್ಟಿ ಡಾಕ್ಟರಿಗೆ ತೋರಿಸಿದೆ, ಇಸಿಜಿ ಮಾಡಿಸಿದರು, ಸರಿಯಿದೆ ಅಂದರು. ಉರಿ ಪೂರ್ತಿ ಹೋಗಿಲ್ಲ, ಆದರೆ ನಿನ್ನೆ ರಾತ್ರಿ ಹೊದಿಕೆ ಹೊದ್ದು ಮಲಗಿದ್ದರು. ಬಾಯಿ ಒಣಗುತ್ತದೆ ಅಂತ ತಲೆದಿಂಬಿನ ಹತ್ತಿರ ನೀರಿನ ಚೊಂಬು. ಡಬ್ಬಿ ಬೀರುವಿನಲ್ಲಿ, ಬೀಗದ ಕೈ ನನ್ನ ಹತ್ತಿರ.

ಇವತ್ತು ಒಂಬತ್ತನೇ ತರಗತಿಯ ಮಕ್ಕಳು ಜೇಡಿಮಣ್ಣಿನ ಗುಂಡು, ತೆಂಗಿನ ಪೊರಕೆಕಡ್ಡಿ ಸೇರಿಸಿ ಅಣುವಿನ ಮಾದರಿ ಮಾಡಿದರು. 20 ಕರಿ ಗುಂಡು, 1 ನೀಲಿ. ಚಿತ್ರ ಹಾಕಿದ್ದೇನೆ, ತಪ್ಪಿದ್ದರೆ ತಿದ್ದಿ.

ಜಿಗಣಿ_ರಿಯಾಕ್ಟರ್ · ಬುಧವಾರ, ರಾತ್ರಿ 9:30

ಎಣಿಸಿದೆ, ಸರಿಯಾಗಿದೆ. ಬಾಲದ ಬುಡದಲ್ಲಿ ಎರಡು ಕಡ್ಡಿ ಹಾಕಿ ಜೋಡಿಬಂಧ ತೋರಿಸಿದ್ದಾರೆ, ಶಾಬಾಸ್. ಒಂದೇ ತಿದ್ದುಪಡಿ. ಮಾದರಿಯನ್ನು ಮೇಜಿನ ಮೇಲೆ ಒಣಗಲು ಬಿಟ್ಟಿದ್ದರಿಂದ ಇರಬೇಕು, ಎರಡು ಬೆಂಜೀನ್‌ಗಳೂ ರೊಟ್ಟಿಯ ಹಾಗೆ ಚಪ್ಪಟೆ ಮಲಗಿವೆ. ಮಣ್ಣು ಪೂರ್ತಿ ಗಟ್ಟಿಯಾಗುವ ಮುಂಚೆ ಸೇತುವೆಯ ಎರಡು ಗುಂಡುಗಳನ್ನು ಹಿಡಿದು ಮೆಲ್ಲಗೆ ಮೇಲಕ್ಕೆತ್ತಲು ಹೇಳಿ, ರೆಕ್ಕೆಗಳು ತಾವಾಗಿಯೇ ಬಾಗುತ್ತವೆ.